ಗರ್ಭಕೊರಳಿನ ಎಚ್ಚರ: ಗುತ್ತಲಿನ ಅಕ್ಕತಂಗಿಯರಿಗೆ

ಮಂಡ್ಯ ನಗರವು ಬೆಳೆಯುತ್ತ ಬೆಳೆಯುತ್ತ ತನ್ನೊಳಗೆ ಸೇರಿಸಿಕೊಂಡ ಗುತ್ತಲಿನಲ್ಲಿ, ಅರ್ಕೇಶ್ವರನ ಗುಡಿಯ ಕಡೆಯ ಹಳೆಯ ಬೀದಿಗಳಲ್ಲಾಗಲಿ ಈಚೆಗೆ ಎದ್ದ ಬಡಾವಣೆಗಳಲ್ಲಾಗಲಿ, ವಯಸ್ಸು ನಲವತ್ತು ದಾಟಿದ ಹೆಂಗಸರು ಜಗಲಿಯ ಮೇಲೆ ಕುಳಿತು ತಮ್ಮ ದೇಹಾಲಸ್ಯದ ಮಾತಾಡುವಾಗ ಮಂಡಿನೋವು, ಸಕ್ಕರೆ ಕಾಯಿಲೆ, ಬಿ.ಪಿ. ಇವುಗಳ ಹೆಸರು ನಿಸ್ಸಂಕೋಚವಾಗಿ ಬರುತ್ತದೆ; ಬಿಳಿ ಮುಟ್ಟಿನ ಪ್ರಸ್ತಾಪ ಬಂದೊಡನೆ ಧ್ವನಿ ತಗ್ಗುತ್ತದೆ; ಗರ್ಭಕೊರಳಿನ ಮಾತಂತೂ ಏಳುವುದೇ ಇಲ್ಲ. ಹೀಗೆ ಮಾತಿಗೆ ಬಾರದೆ ಉಳಿದ ಕಾರಣದಿಂದಲೇ, ವರ್ಷಗಟ್ಟಲೆ ಕಾಲಾವಕಾಶವನ್ನು ಕೊಟ್ಟು, ಪತ್ತೆಹಚ್ಚಲು ಸುಲಭೋಪಾಯಗಳನ್ನೂ ಉಳಿಸಿಟ್ಟು, ಕಟ್ಟಕಡೆಗೆ ಮಾತ್ರ ಘಾತುಕವಾಗುವ ಗರ್ಭಕೊರಳಿನ ಕ್ಯಾನ್ಸರು ನಮ್ಮ ದೇಶದಲ್ಲಿ 2022ನೆಯ ಇಸವಿಯೊಂದರಲ್ಲಿಯೇ, ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ, 1,27,000ಕ್ಕೂ ಹೆಚ್ಚು ಸ್ತ್ರೀಯರಲ್ಲಿ ಹೊಸದಾಗಿ ಕಾಣಿಸಿಕೊಂಡು ಸುಮಾರು 80,000 ಮಂದಿಯ ಪ್ರಾಣವನ್ನು ಅಪಹರಿಸಿತು. ಮಂಡ್ಯ, ಮದ್ದೂರು, ಮಳವಳ್ಳಿಯ ಮನೆಗಳಲ್ಲಿರುವ ತಾಯಂದಿರೂ ಅಕ್ಕತಂಗಿಯರೂ ಈ ವ್ಯಾಧಿಯ ವಿಷಯದಲ್ಲಿ ತಿಳಿದಿರಬೇಕಾದುದನ್ನು, ವೈದ್ಯರ ಸ್ಥಾನವನ್ನು ಆಕ್ರಮಿಸದೆ, ಸಾವಧಾನವಾಗಿ ಹೇಳುವುದು ಈ ಲೇಖನದ ಉದ್ದೇಶ.

ವ್ಯಾಧಿಯ ಮೂಲಕಾರಣವು ಒಂದು ವೈರಾಣು. ಹ್ಯೂಮನ್ ಪ್ಯಾಪಿಲೋಮಾ ವೈರಸ್, ಸಂಕ್ಷೇಪವಾಗಿ ಎಚ್.ಪಿ.ವಿ., ಎಂದು ಅದರ ಹೆಸರು. ಇದರಲ್ಲಿ 200ಕ್ಕೂ ಮಿಕ್ಕ ಪ್ರಭೇದಗಳಿದ್ದು, ಬಹುಪಾಲು ನಿರುಪದ್ರವಿಗಳಾಗಿವೆ ಅಥವಾ ಚರ್ಮದ ಮೇಲೆ ನರುಲಿಯನ್ನೆಬ್ಬಿಸಿ ಸುಮ್ಮನಾಗುತ್ತವೆ. ಸುಮಾರು ಹದಿನಾಲ್ಕು ಪ್ರಭೇದಗಳಿಗೆ ಮಾತ್ರ ಕ್ಯಾನ್ಸರನ್ನು ಉಂಟುಮಾಡುವ ಶಕ್ತಿಯಿದೆ, ಅವುಗಳಲ್ಲಿಯೂ 16 ಮತ್ತು 18ನೆಯ ಸಂಖ್ಯೆಯ ಎರಡೇ ಪ್ರಭೇದಗಳು ಗರ್ಭಕೊರಳಿನ ನೂರು ಕ್ಯಾನ್ಸರುಗಳಲ್ಲಿ ಸುಮಾರು 70ಕ್ಕೆ ಹೊಣೆಯಾಗಿವೆ. ಜರ್ಮನಿಯ ಹೆರಾಲ್ಡ್ ಜೂರ್ ಹೌಸೆನ್ ಎಂಬ ವಿಜ್ಞಾನಿಯು ತನ್ನ ಸಹೋದ್ಯೋಗಿಗಳೊಡನೆ 1983 ಮತ್ತು 1984ರಲ್ಲಿ ಈ ಎರಡನ್ನು ಬೇರ್ಪಡಿಸಿ ತೋರಿಸಿದನು; ಆ ಶೋಧಕ್ಕಾಗಿ 2008ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕವೂ ಸಂದಿತು.

ಆದರೆ ಈ ಕಥೆಗೆ ಇನ್ನೂ ಹಳೆಯದಾದ ಒಂದು ಪೀಠಿಕೆಯಿದೆ. ಇಟಲಿಯ ವೆರೋನಾ ನಗರದ ಮರಣದಾಖಲೆಗಳನ್ನು ಪರಿಶೀಲಿಸಿದ ರಿಗೋನಿ ಸ್ಟೆರ್ನ್ ಎಂಬ ವೈದ್ಯನು, ಗರ್ಭಕೋಶದ ಕ್ಯಾನ್ಸರು ವಿವಾಹಿತೆಯರಲ್ಲಿ ಹೆಚ್ಚಾಗಿಯೂ ಸಂನ್ಯಾಸಿನಿಯರಲ್ಲಿ ಅತ್ಯಲ್ಪವಾಗಿಯೂ ಇರುವುದನ್ನು 1842ರಷ್ಟು ಹಿಂದೆಯೇ ಎತ್ತಿ ತೋರಿಸಿದ್ದನು. ಸಂಸಾರಸುಖಕ್ಕೂ ಈ ವ್ಯಾಧಿಗೂ ಸಂಬಂಧವುಂಟೆಂಬುದು ಅಂದಿನಿಂದ ಜನರ ಕಿವಿಗೆ ಬಿದ್ದಿತು. ಬಿದ್ದ ಮೇಲೆ ಅದು ರೋಗಿಯ ಶೀಲದ ವಿಚಾರಣೆಯಾಗಿ ಮಾರ್ಪಟ್ಟಿತು. ಈ ವಿಚಾರಣೆ ಎಷ್ಟು ಅನ್ಯಾಯದ್ದೆಂಬುದನ್ನು ವೈರಾಣುವಿನ ಸ್ವಭಾವವೇ ಸಾರಿ ಹೇಳುತ್ತದೆ. ದಾಂಪತ್ಯಜೀವನ ನಡೆಸುವ ಸ್ತ್ರೀಪುರುಷರಲ್ಲಿ ಹೆಚ್ಚಿನವರಿಗೆ ಆಯುಸ್ಸಿನಲ್ಲಿ ಒಮ್ಮೆಯಾದರೂ ಎಚ್.ಪಿ.ವಿ. ತಗಲುತ್ತದೆ, ಅದು ಜನನಾಂಗದ ಚರ್ಮ ಚರ್ಮಕ್ಕೆ ಸೋಂಕಿದರೆ ಸಾಕು ಹರಡುತ್ತದೆ, ರಕ್ತದ ಮೂಲಕವಾಗಲಿ, ಊಟದ ತಟ್ಟೆಯ ಮೂಲಕವಾಗಲಿ ಬರುವುದಿಲ್ಲ, ಬಂದುದು ಯಾವ ಲಕ್ಷಣವನ್ನೂ ತೋರದೆ ವರ್ಷಗಟ್ಟಲೆ ಅಡಗಿರಬಹುದು. ಆದುದರಿಂದ ಇಂದಿನ ಪರೀಕ್ಷೆಯಲ್ಲಿ ವೈರಾಣು ಕಂಡಿತೆಂದ ಮಾತ್ರಕ್ಕೆ ನಿನ್ನೆ ಮೊನ್ನೆ ಯಾರೋ ತಪ್ಪಿ ನಡೆದರೆಂದು ಅರ್ಥವಲ್ಲ. ಪರೀಕ್ಷೆಯ ಫಲಿತಾಂಶದ ಕಾಗದವನ್ನು ಮನೆಯೊಳಗೆ ಜಗಳಕ್ಕೆ ಸಾಕ್ಷಿಯಾಗಿ ಬಳಸಿಕೊಳ್ಳುವವರಿಗೆ ಈ ಒಂದು ಮಾತನ್ನು ವೈದ್ಯರೇ ಮೊದಲು ಹೇಳಿ ಕಳುಹಿಸುವುದು ಒಳ್ಳೆಯದು.

ಗರ್ಭಕೊರಳು ಎಂದರೆ ಗರ್ಭಕೋಶದ ಕೆಳತುದಿ, ಯೋನಿಯೊಳಕ್ಕೆ ಚಾಚಿಕೊಂಡಿರುವ ಭಾಗ. ಅದರ ಹೊರಮೈಯನ್ನು ಗಟ್ಟಿಯಾದ, ಹಲವು ಪದರದ ಕೋಶಗಳೂ ಒಳನಾಳವನ್ನು ಮೃದುವಾದ ಒಂದೇ ಪದರದ ಕೋಶಗಳೂ ಹೊದ್ದಿರುತ್ತವೆ. ಎರಡೂ ಸಂಧಿಸುವ ಗೆರೆಯ ಆಸುಪಾಸಿನಲ್ಲಿ ಒಂದು ಬಗೆಯ ಕೋಶ ಮತ್ತೊಂದು ಬಗೆಯಾಗಿ ಮಾರ್ಪಡುತ್ತಲೇ ಇರುತ್ತದೆ. ನಾಲೆಯ ನೀರಿನ ಗದ್ದೆಗಳನ್ನು ಬಲ್ಲ ನಮ್ಮ ಕಡೆಯವರಿಗೆ ಬದುವೆಂದರೇನೆಂದು ಹೇಳಿಕೊಡಬೇಕಾದುದಿಲ್ಲ: ನೀರು ಒಸರುವುದೂ ಏಡಿ ಬಿಲ ತೋಡುವುದೂ ಬದುವಿನಲ್ಲಿಯೇ, ಹಾಗೆಯೇ ವೈರಾಣು ಒಳಹೊಕ್ಕು ನೆಲೆ ಮಾಡುವುದೂ ಈ ಸಂಧಿಪ್ರದೇಶದಲ್ಲಿಯೇ. ಹುಡುಗಿ ಮೈನೆರೆದ ಹೊಸದರಲ್ಲಿ ಈ ಪ್ರದೇಶವು ಹೊರಮುಖವಾಗಿ ವಿಸ್ತರಿಸಿಕೊಂಡಿದ್ದು, ಕೋಶಗಳ ಮಾರ್ಪಾಟು ಅತಿ ವೇಗದಲ್ಲಿ ನಡೆಯುತ್ತಿರುತ್ತದೆ. ಮುಟ್ಟು ನಿಂತ ಮೇಲೆ ಅದು ನಾಳದ ಒಳಕ್ಕೆ ಸರಿದು ಕಣ್ಣಿಗೆ ಮರೆಯಾಗುತ್ತದೆ. ಈ ಎರಡು ಸಂಗತಿಗಳನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಹೇಳುವ ಎಷ್ಟೋ ವಿಚಾರಗಳು ಇವನ್ನೇ ಆಶ್ರಯಿಸಿವೆ.

ತಗಲಿದ ಸೋಂಕೆಲ್ಲ ವ್ಯಾಧಿಯಾಗುವುದಿಲ್ಲವೆಂಬುದು ಸಮಾಧಾನದ ವಿಷಯ. ಹತ್ತರಲ್ಲಿ ಒಂಬತ್ತು ಸೋಂಕುಗಳನ್ನು ದೇಹದ ರೋಗನಿರೋಧಕ ಶಕ್ತಿಯೇ ಒಂದೆರಡು ವರ್ಷದೊಳಗೆ ಅಳಿಸಿಹಾಕುತ್ತದೆ. ಅಳಿಯದೆ ಬೇರೂರಿದ ಅಲ್ಪಭಾಗವು ಮಾತ್ರ ಕೋಶಗಳ ಬೆಳವಣಿಗೆಯನ್ನು ಹತೋಟಿಯಲ್ಲಿಡುವ ಪ್ರೋಟೀನುಗಳನ್ನು ನಿಷ್ಕ್ರಿಯಗೊಳಿಸಿ, ಕೋಶಗಳ ಆಕಾರ ಗಾತ್ರಗಳಲ್ಲಿ ವಿಕಾರವನ್ನು ತರುತ್ತದೆ. ಈ ವಿಕಾರವನ್ನು ವೈದ್ಯರು ಸಿ.ಐ.ಎನ್. ಎಂಬ ಸಂಕೇತದಿಂದ ಒಂದು, ಎರಡು, ಮೂರು ಎಂಬ ಮೂರು ಮೆಟ್ಟಿಲುಗಳಾಗಿ ಗುರುತಿಸುವರು. ಮೊದಲನೆಯ ಮೆಟ್ಟಿಲಿನವು ಬಹುಮಟ್ಟಿಗೆ ತಾವಾಗಿಯೇ ಇಳಿದುಹೋಗುತ್ತವೆ. ಮೂರನೆಯದು ಕ್ಯಾನ್ಸರಿನ ಹೊಸ್ತಿಲು. ಅದನ್ನು ಚಿಕಿತ್ಸೆಯಿಲ್ಲದೆ ಬಿಟ್ಟರೆ ಏನಾಗುವುದೆಂಬುದು ಜಗತ್ತಿಗೆ ತಿಳಿದುದು ಒಂದು ಅಕಾರ್ಯದಿಂದ: ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ಆಸ್ಪತ್ರೆಯೊಂದರಲ್ಲಿ ಕಳೆದ ಶತಮಾನದ ಅರವತ್ತು ಎಪ್ಪತ್ತರ ದಶಕಗಳಲ್ಲಿ ಅನೇಕ ಸ್ತ್ರೀಯರಿಗೆ ತಿಳಿಸದೆಯೇ ಸರಿಯಾದ ಚಿಕಿತ್ಸೆಯನ್ನು ತಡೆಹಿಡಿಯಲಾಗಿತ್ತು, ಅವರ ದಾಖಲೆಗಳನ್ನು ಮುಂದೆ ಪರಿಶೀಲಿಸಿದಾಗ ಮೂವತ್ತು ವರ್ಷಗಳಲ್ಲಿ ನೂರಕ್ಕೆ ಸುಮಾರು 30 ಮಂದಿಗೆ ಕ್ಯಾನ್ಸರು ಬಂದಿತ್ತು. ಆ ಹೆಂಗಸರು ತೆತ್ತ ಬೆಲೆಯಿಂದ ಲಭಿಸಿದ ಜ್ಞಾನವಿದು. ಸೋಂಕಿನಿಂದ ಕ್ಯಾನ್ಸರಿನವರೆಗೆ ಸಾಮಾನ್ಯವಾಗಿ ಹತ್ತು ಹದಿನೈದು ವರ್ಷಗಳ ಅವಕಾಶವಿರುತ್ತದೆ, ಆ ಅವಧಿಯುದ್ದಕ್ಕೂ ರೋಗಿಗೆ ನೋವೂ ಇಲ್ಲ, ರಕ್ತಸ್ರಾವವೂ ಇಲ್ಲ, ನಿದ್ರೆಯೂ ಕೆಡುವುದಿಲ್ಲ.

ಹಾಗಾದರೆ ಸೋಂಕು ಬೇಗ ತಗಲುವುದಕ್ಕೂ, ತಗಲಿದುದು ಅಳಿಯದೆ ನಿಲ್ಲುವುದಕ್ಕೂ, ನಿಂತುದು ಮೆಟ್ಟಿಲೇರುವುದಕ್ಕೂ ಅನುಕೂಲಿಸುವ ಸಂಗತಿಗಳು ಯಾವುವು? ಮೊದಲು ಹೇಳಬೇಕಾದುದು ಎಳೆಯ ವಯಸ್ಸಿನ ಮದುವೆ. ಸಂಧಿಪ್ರದೇಶವು ಹೊರಮುಖವಾಗಿ, ಅಪಕ್ವವಾಗಿ ಇರುವ ಹದಿನೈದು ಹದಿನಾರರ ಪ್ರಾಯದಲ್ಲಿ ದಾಂಪತ್ಯವನ್ನು ಆರಂಭಿಸಿದವಳಿಗೆ, ಇಪ್ಪತ್ತೊಂದು ದಾಟಿ ಆರಂಭಿಸಿದವಳಿಗಿಂತ ಈ ಕ್ಯಾನ್ಸರಿನ ಅಪಾಯವು ಸುಮಾರು ಇಮ್ಮಡಿ ಎಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳಿದ್ದಾರೆ. ನಮ್ಮಲ್ಲಿ ಇದು ಹಳೆಯ ಕಾಲದ ಮಾತೆಂದು ಭಾವಿಸಬೇಕಾಗಿಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಇಪ್ಪತ್ತರಿಂದ ಇಪ್ಪತ್ತನಾಲ್ಕು ವಯಸ್ಸಿನ ಕರ್ನಾಟಕದ ಹೆಣ್ಣುಮಕ್ಕಳಲ್ಲಿ ಐವರಿಗೊಬ್ಬಳಿಗಿಂತ ಹೆಚ್ಚು ಮಂದಿ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿದ್ದರು. ಎಸ್.ಎಸ್.ಎಲ್.ಸಿ. ಮುಗಿಯುವುದನ್ನೇ ಕಾದಿದ್ದು, ಸೋದರಮಾವನಿಗೋ ಅತ್ತೆಯ ಮಗನಿಗೋ ಧಾರೆಯೆರೆದು ಕೊಟ್ಟು ಜವಾಬ್ದಾರಿ ಕಳೆಯಿತೆಂದು ನಿಟ್ಟುಸಿರು ಬಿಡುವ ತಂದೆತಾಯಿಗಳು ಕಾನೂನಿನ ಭಯವನ್ನು ಹೇಗೋ ದಾಟಿಯಾರು. ಮಗಳ ಗರ್ಭಕೊರಳಿನ ಪಕ್ವತೆಗೆ ಬೇಕಾದ ವರ್ಷಗಳನ್ನು ಯಾವ ಶಾಸ್ತ್ರೋಕ್ತ ಮುಹೂರ್ತವೂ ತುಂಬಿಕೊಡಲಾರದು.

ಎಳೆಯ ಮದುವೆಯ ಬೆನ್ನಿಗೇ ಎಳೆಯ ಬಸಿರು, ಅದರ ಬೆನ್ನಿಗೆ ಮತ್ತೊಂದು. ಹೆರಿಗೆಯಲ್ಲಾಗುವ ಗಾಯವೂ ಗರ್ಭಕಾಲದ ಹಾರ್ಮೋನುಗಳೂ ಗರ್ಭಕೊರಳಿನ ಮೇಲೆ ಪ್ರಭಾವ ಬೀರುತ್ತವೆ. ವೈರಾಣು ಇದ್ದ ಸ್ತ್ರೀಯರಲ್ಲಿ, ಏಳು ಅಥವಾ ಅದಕ್ಕೂ ಹೆಚ್ಚು ಪೂರ್ಣಾವಧಿಯ ಹೆರಿಗೆಯಾದವರಿಗೆ ಹೆರದವರಿಗಿಂತ ಅಪಾಯವು ನಾಲ್ಕು ಪಟ್ಟಿನ ಸಮೀಪಕ್ಕೆ ಏರಿರುವುದು 2002ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಕಂಡುಬಂದಿತು. ಇಂದಿನ ಮಂಡ್ಯದ ಸೊಸೆಯರು ಒಂದೆರಡು ಹೆತ್ತು ಆಪರೇಷನ್ ಮಾಡಿಸಿಕೊಳ್ಳುವರು, ಅವರಿಗೆ ಈ ಲೆಕ್ಕ ದೂರದ್ದು. ಆದರೆ ಅವರ ಅತ್ತೆಯಂದಿರಲ್ಲಿ, ಐದಾರು ಹೆತ್ತು ಕಬ್ಬಿನ ಗದ್ದೆಯಲ್ಲಿ ದುಡಿದು ಸವೆದವರಲ್ಲಿ, ಇದು ಇನ್ನೂ ಜೀವಂತವಾದ ಅಪಾಯ. ಸೊಸೆಯನ್ನು ಆಸ್ಪತ್ರೆಗೆ ಕರೆದೊಯ್ಯುವ ಅತ್ತೆಯು ತಾನೂ ಒಮ್ಮೆ ಒಳಗೆ ಹೋಗಿ ಬರುವುದು ಯುಕ್ತ.

ಗಂಡನ ನಡತೆಯ ವಿಷಯಕ್ಕೆ ಬರೋಣ. ಅಪಾಯಕಾರಣಗಳ ಪಟ್ಟಿಯನ್ನು ಕೊಡುವ ಪುಸ್ತಕಗಳಲ್ಲಿ ‘ಹಲವರ ಸಂಗ’ ಎಂಬುದೊಂದು ಬಾಬು ತಪ್ಪದೆ ಇರುತ್ತದೆ, ಅದನ್ನು ಓದಿದ ನಮ್ಮ ಹೆಂಗಸರು ತಮಗಿದು ಸಂಬಂಧಿಸಿದುದಲ್ಲವೆಂದು ಪುಟ ತಿರುವುತ್ತಾರೆ. ಆ ಬಾಬು ಹೆಂಡತಿಗೆಷ್ಟೋ ಗಂಡನಿಗೂ ಅಷ್ಟೇ ಅನ್ವಯಿಸುತ್ತದೆಂಬುದನ್ನು ಬಿಡಿಸಿ ಹೇಳುವವರು ವಿರಳ. ಆಯುಷ್ಯದಲ್ಲಿ ಒಬ್ಬನನ್ನಲ್ಲದೆ ಅನ್ಯನನ್ನು ಅರಿಯದ ಗೃಹಿಣಿಗೂ ವೈರಾಣು ಬರುವುದು ಸಾಧ್ಯ. ಬರಲು ಗಂಡನ ಹಿಂದಿನ ಒಂದು ಸಂಬಂಧ ಸಾಕು, ಅದು ಮದುವೆಗೆ ಮುಂಚಿನದಾದರೂ ಸರಿ. ಪುರುಷನಲ್ಲಿ ಸಾಮಾನ್ಯವಾಗಿ ಯಾವ ಕುರುಹೂ ಕಾಣದು, ಅವನಲ್ಲಿ ಸೋಂಕಿದೆಯೇ ಎಂದು ನೋಡಲು ವಾಡಿಕೆಯ ಪರೀಕ್ಷೆಯೂ ಇಲ್ಲ. ನಿರೋಧ್ ಬಳಕೆಯಿಂದ ಅಪಾಯ ತಗ್ಗುತ್ತದೆ, ಪೂರ್ತಿ ತಪ್ಪುವುದಿಲ್ಲ, ಏಕೆಂದರೆ ಅದು ಮುಚ್ಚದ ಚರ್ಮದಿಂದಲೂ ವೈರಾಣು ದಾಟಬಲ್ಲುದು. ಹೀಗಿರುವಾಗ ಪತಿವ್ರತೆಗೆ ಪರೀಕ್ಷೆ ಬೇಡವೆಂಬ ವಾದವು ಯಾವ ದೃಷ್ಟಿಯಿಂದಲೂ ನಿಲ್ಲುವಂತಹುದಲ್ಲ.

ಹೊಗೆಸೊಪ್ಪಿನ ಪಾತ್ರವನ್ನು ನಮ್ಮವರು ಬಾಯಿಗೆ ಮಾತ್ರ ಸೀಮಿತವೆಂದೆಣಿಸಿದ್ದಾರೆ. ಸಿಗರೇಟು ಸೇದುವವರ ಗರ್ಭಕೊರಳಿನ ಲೋಳೆಯಲ್ಲಿ ತಂಬಾಕಿನ ವಿಷಪದಾರ್ಥಗಳು ಪತ್ತೆಯಾಗಿವೆ. ಅವು ಅಲ್ಲಿಯ ರೋಗನಿರೋಧಕ ಕೋಶಗಳನ್ನು ದುರ್ಬಲಗೊಳಿಸಿ ವೈರಾಣುವಿಗೆ ಎಡೆ ಮಾಡಿಕೊಡುತ್ತವೆ. ನಮ್ಮ ಕಡೆಯ ಹೆಂಗಸರು ಸೇದುವುದು ಕಡಮೆ. ಊಟವಾದೊಡನೆ ಎಲೆಯಡಿಕೆಯ ಜೊತೆಗೆ ಚಿಟಿಕೆ ಕಡ್ಡಿಪುಡಿ ಹಾಕಿಕೊಳ್ಳುವುದು, ಹಲ್ಲುಜ್ಜಲು ತಂಬಾಕಿನ ಪುಡಿ ಬಳಸುವುದು ಹೆಚ್ಚು. ಜಗಿಯುವ ತಂಬಾಕಿನ ವಿಷಯದಲ್ಲಿ ಪ್ರಮಾಣಗಳು ಸಿಗರೇಟಿನಷ್ಟು ಬಲವಾದವಲ್ಲವಾದರೂ, ಬಾಯಿಯ ಕ್ಯಾನ್ಸರೊಂದೇ ಅದನ್ನು ಬಿಡುವುದಕ್ಕೆ ಸಾಕಾದ ಕಾರಣ.

ರೋಗನಿರೋಧಕ ಶಕ್ತಿ ಕುಗ್ಗಿದವರ ಪಾಡು ಬೇರೆಯದು. ಎಚ್.ಐ.ವಿ. ಇರುವ ಸ್ತ್ರೀಗೆ ಗರ್ಭಕೊರಳಿನ ಕ್ಯಾನ್ಸರಿನ ಅಪಾಯವು ಇತರರಿಗಿಂತ ಆರು ಪಟ್ಟು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೂತ್ರಪಿಂಡದ ಕಸಿ ಮಾಡಿಸಿಕೊಂಡು ನಿರೋಧಕಶಕ್ತಿಯನ್ನು ತಗ್ಗಿಸುವ ಮಾತ್ರೆ ನುಂಗುವವರೂ ಇದೇ ವರ್ಗಕ್ಕೆ ಸೇರುತ್ತಾರೆ. ಇವರು ಪರೀಕ್ಷೆಗೆ ಇತರರಂತೆ ಮೂವತ್ತು ವಯಸ್ಸಿನವರೆಗೆ ಕಾಯುವುದು ಸಲ್ಲದು: ಇಪ್ಪತ್ತೈದರಿಂದಲೇ, ಮೂರರಿಂದ ಐದು ವರ್ಷಕ್ಕೊಮ್ಮೆ ಪರೀಕ್ಷೆ ಆಗಬೇಕು. ಎಚ್.ಐ.ವಿ. ಚಿಕಿತ್ಸೆಯ ಎ.ಆರ್.ಟಿ. ಕೇಂದ್ರಕ್ಕೆ ತಿಂಗಳ ಮಾತ್ರೆಗಾಗಿ ಹೋಗುವವರು ಅಲ್ಲಿಯ ಆಪ್ತಸಮಾಲೋಚಕರನ್ನು ಬಾಯಿಬಿಟ್ಟು ಕೇಳಬೇಕು.

ಗರ್ಭನಿರೋಧಕ ಗುಳಿಗೆಯನ್ನು ಐದು ವರ್ಷಕ್ಕೂ ಮೀರಿ ಎಡೆಬಿಡದೆ ನುಂಗಿದವರಲ್ಲಿ ಅಪಾಯವು ಸುಮಾರು ಇಮ್ಮಡಿಯಾಗುವುದುಂಟು. ನಿಲ್ಲಿಸಿದ ಮೇಲೆ ಅದು ಕ್ರಮೇಣ ಇಳಿದು ಹತ್ತು ವರ್ಷಗಳಲ್ಲಿ ಇತರರ ಮಟ್ಟಕ್ಕೆ ಬರುತ್ತದೆ. ಇದನ್ನೋದಿ ಯಾರೂ ನಾಳೆಯೇ ಗುಳಿಗೆಯನ್ನು ಕಸದ ಬುಟ್ಟಿಗೆ ಎಸೆಯಬಾರದು, ಬೇಡದ ಬಸಿರಿನ ಅಪಾಯವೇನು ಸಣ್ಣದಲ್ಲ. ವೈದ್ಯರೊಡನೆ ವಿಚಾರಿಸಿ ಬೇರೆ ವಿಧಾನಕ್ಕೆ ಬದಲಾಯಿಸಿಕೊಳ್ಳಬಹುದು. ಕ್ಲಮೈಡಿಯಾ ಮೊದಲಾದ ಜನನಾಂಗದ ಸೋಂಕುಗಳೂ ಗರ್ಭಕೊರಳನ್ನು ಕೆರಳಿಸಿಡುವುದರಿಂದ ಅವುಗಳಿಗೆ ಗಂಡಹೆಂಡಿರಿಬ್ಬರೂ ಒಟ್ಟಿಗೆ ಚಿಕಿತ್ಸೆ ಪಡೆಯುವುದು ಅವಶ್ಯ.

ಈ ಕಾರಣಗಳೆಲ್ಲ ಬದಲಾಗಬಲ್ಲವೆಂಬುದಕ್ಕೆ ಬೆಂಗಳೂರೇ ನಿದರ್ಶನ. 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯು ಎಂಬತ್ತರ ದಶಕದ ಆರಂಭದಿಂದಲೂ ಆ ನಗರದ ಕ್ಯಾನ್ಸರುಗಳ ನೋಂದಣಿಯನ್ನು ಇಟ್ಟುಕೊಂಡು ಬಂದಿದೆ. ಒಂದು ಕಾಲದಲ್ಲಿ ಅಲ್ಲಿಯ ಸ್ತ್ರೀಯರ ಕ್ಯಾನ್ಸರುಗಳಲ್ಲಿ ಅಗ್ರಸ್ಥಾನದಲ್ಲಿದ್ದ ಗರ್ಭಕೊರಳಿನ ಕ್ಯಾನ್ಸರು ದಶಕದಿಂದ ದಶಕಕ್ಕೆ ಇಳಿಯುತ್ತ ಬಂದು, ಆ ಸ್ಥಾನವನ್ನು ಇಂದು ಸ್ತನದ ಕ್ಯಾನ್ಸರು ಆಕ್ರಮಿಸಿದೆ. ಮನೆಮನೆಗೂ ತಪಾಸಣೆ ನಡೆಸಿ ಸಾಧಿಸಿದ ಇಳಿಕೆಯಲ್ಲ ಇದು. ಹೆಣ್ಣುಮಕ್ಕಳು ಓದಿದರು, ತಡವಾಗಿ ಮದುವೆಯಾದರು, ಕಡಮೆ ಹೆತ್ತರು, ಮನೆಯೊಳಗೆ ನೀರೂ ಬಚ್ಚಲೂ ಬಂದವು. ಇವೇ ಮುಖ್ಯ ಕಾರಣಗಳೆಂದು ತಜ್ಞರ ಅಭಿಪ್ರಾಯ. ಇಷ್ಟಾಗಿಯೂ ಇಳಿದುದು ಪ್ರಮಾಣ ಮಾತ್ರ, ವ್ಯಾಧಿ ತೊಲಗಿಲ್ಲ.

ಮೇಲೆ ಹೇಳಿದ ಯಾವ ಕಾರಣವನ್ನೂ ಹೊಂದಿಲ್ಲದವಳಿಗೂ ಇರುವ, ನನ್ನ ಎಣಿಕೆಯಲ್ಲಿ ಎಲ್ಲಕ್ಕಿಂತ ದೊಡ್ಡದಾದ ಅಪಾಯವೊಂದಿದೆ: ಒಮ್ಮೆಯೂ ಪರೀಕ್ಷೆ ಮಾಡಿಸಿಕೊಳ್ಳದಿರುವುದು. ಮದುವೆಯಾದ ವಯಸ್ಸನ್ನಾಗಲಿ ಹೆತ್ತ ಮಕ್ಕಳ ಸಂಖ್ಯೆಯನ್ನಾಗಲಿ ಇನ್ನು ತಿದ್ದಲಾಗದು, ಗಂಡನ ಗತಕಾಲವೂ ಕೈಯಲ್ಲಿಲ್ಲ, ಕೈಯಲ್ಲಿರುವುದು ಇದೊಂದೇ. ಮೇಲೆ ಉಲ್ಲೇಖಿಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಮೂವತ್ತರಿಂದ ನಲವತ್ತೊಂಬತ್ತು ವಯಸ್ಸಿನ ಭಾರತೀಯ ಸ್ತ್ರೀಯರಲ್ಲಿ ಗರ್ಭಕೊರಳಿನ ತಪಾಸಣೆಯನ್ನು ಎಂದಾದರೂ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇರಲಿಲ್ಲ. ಆಶಾ ಕಾರ್ಯಕರ್ತೆಯು ಬಾಗಿಲಿಗೆ ಬಂದು ಕರೆದಾಗ ಗುತ್ತಲಿನಂಥ ಕಡೆ ಕೇಳಿಬರುವ ಉತ್ತರ ಇದು: “ನಂಗೇನಾಗದೆ ಅಂತ ಬರ್ಲಿ ಕಣಕ್ಕ? ಚೆನ್ನಾಗೇ ಇವ್ನಲ್ಲ!” ಅವಳೂ ಅದೇ ಬೀದಿಯವಳು, ಸುಮ್ಮನಾಗುವವಳಲ್ಲ: “ಚೆನ್ನಾಗಿರೋವಾಗ್ಲೇ ಬರ್ಬೇಕು ಕಣವ್ವ, ಕೆಟ್ಟೋದ್ಮೇಲೆ ಬಂದ್ರೆ ಡಾಕ್ಟ್ರೇನ್ ಮಾಡಾರು?” ವೈದ್ಯಶಾಸ್ತ್ರದ ಗ್ರಂಥಗಳೂ ಇದಕ್ಕಿಂತ ಹೆಚ್ಚೇನನ್ನೂ ಹೇಳುವುದಿಲ್ಲ.

ಹೆಂಗಸರ ಹಿಂಜರಿಕೆಗೆ ಅರ್ಧ ಕಾರಣ, ಪರೀಕ್ಷೆಯಲ್ಲಿ ಏನು ಮಾಡುತ್ತಾರೆಂಬುದು ತಿಳಿಯದಿರುವುದು. ಆದುದರಿಂದ ವಿವರವಾಗಿ ಹೇಳುತ್ತೇನೆ. ಸರ್ಕಾರಿ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಮಾಡುವುದು ವಿ.ಐ.ಎ. ಎಂಬ ಪರೀಕ್ಷೆ. ತೆರೆ ಎಳೆದ ಕೋಣೆಯಲ್ಲಿ ಮೇಜಿನ ಮೇಲೆ ಅಂಗಾತ ಮಲಗಿಸಿ, ಮಂಡಿಗಳನ್ನು ಮಡಿಸಿ ಅಗಲಿಸಲು ಹೇಳುತ್ತಾರೆ. ಮೈಮೇಲೆ ಬಟ್ಟೆ ಹೊದಿಸಿರುತ್ತಾರೆ. ಸ್ಪೆಕ್ಯುಲಮ್ ಎಂಬ, ಹಕ್ಕಿಯ ಕೊಕ್ಕಿನಾಕಾರದ ಸಾಧನವನ್ನು ಮೆಲ್ಲನೆ ಒಳಗಿಟ್ಟು ಅಗಲಿಸಿದಾಗ ಲೋಹದ ತಣುವೂ ಸ್ವಲ್ಪ ಒತ್ತಡವೂ ತಿಳಿಯುತ್ತದೆ. ಉಸಿರನ್ನು ಬಿಗಿಹಿಡಿಯದೆ ಬಾಯಿಂದ ನಿಧಾನವಾಗಿ ಬಿಟ್ಟರೆ ಸೊಂಟದ ಸ್ನಾಯುಗಳು ಸಡಿಲವಾಗಿ ನೋವು ಕಡಮೆಯಾಗುತ್ತದೆ. ಬಳಿಕ ನರ್ಸು ನೂರಕ್ಕೆ 3ರಿಂದ 5 ಪಾಲು ಅಸಿಟಿಕ್ ಆಮ್ಲವಿರುವ ದ್ರವದಲ್ಲಿ, ಎಂದರೆ ಹೆಚ್ಚುಕಡಮೆ ವಿನೆಗರಿನಲ್ಲಿ, ಹತ್ತಿಯನ್ನು ಅದ್ದಿ ಗರ್ಭಕೊರಳಿಗೆ ಸವರುತ್ತಾಳೆ. ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆದಂಥ ಹುಳಿವಾಸನೆ ಮೂಗಿಗೆ ತಟ್ಟುತ್ತದೆ, ಕ್ಷಣಕಾಲ ಚುರುಕೆನ್ನಲೂಬಹುದು. ಆಮೇಲೆ ಗಡಿಯಾರ ನೋಡುತ್ತ ಒಂದು ನಿಮಿಷ ಕಾಯುತ್ತಾರೆ. ಆರೋಗ್ಯವಂತ ಕೊರಳು ನಸುಗೆಂಪಾಗಿಯೇ ಉಳಿಯುತ್ತದೆ. ವಿಕಾರಗೊಂಡ ಕೋಶಗಳಿರುವ ಜಾಗವು ಅಂಚು ಸ್ಪಷ್ಟವಾದ ದಟ್ಟ ಬಿಳಿಯ ತೇಪೆಯಾಗಿ ಎದ್ದು ಕಾಣುತ್ತದೆ. ಅಷ್ಟೇ, ಫಲಿತಾಂಶವನ್ನು ಅಲ್ಲಿಯೇ ಹೇಳುತ್ತಾರೆ.

ಇಂಥ ಅಗ್ಗದ ವಿಧಾನದಿಂದ ಪ್ರಯೋಜನವುಂಟೇ ಎಂಬ ಸಂಶಯಕ್ಕೆ ಉತ್ತರ ನಮ್ಮ ದೇಶದಲ್ಲಿಯೇ ದೊರೆತಿದೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ಕೊಳೆಗೇರಿಗಳ ಸ್ತ್ರೀಯರಿಗೆ, ವೈದ್ಯರಲ್ಲದ ತರಬೇತಾದ ಆರೋಗ್ಯ ಕಾರ್ಯಕರ್ತೆಯರಿಂದ ಈ ಪರೀಕ್ಷೆಯನ್ನು ಮಾಡಿಸಿದಾಗ, ಗರ್ಭಕೊರಳಿನ ಕ್ಯಾನ್ಸರಿನ ಮರಣಗಳು ನೂರಕ್ಕೆ 31ರಷ್ಟು ಇಳಿದವು. ತಮಿಳುನಾಡಿನ ದಿಂಡಿಗಲ್ ಜಿಲ್ಲೆಯ ಅಧ್ಯಯನದಲ್ಲಿ ಇಳಿಕೆ 35. ಮಹಾರಾಷ್ಟ್ರದ ಉಸ್ಮಾನಾಬಾದಿನಲ್ಲಿ ಎಚ್.ಪಿ.ವಿ. ವೈರಾಣುವನ್ನೇ ನೇರವಾಗಿ ಹುಡುಕುವ ಪರೀಕ್ಷೆಯನ್ನು ಆಯುಷ್ಯದಲ್ಲಿ ಒಂದೇ ಸಲ ಮಾಡಿದುದರಿಂದಲೂ ಮರಣಗಳು ಸುಮಾರು ಅರ್ಧಕ್ಕೆ ತಗ್ಗಿದವು. ಕೈಗೆಟುಕುವವರಿಗೆ ಈ ಎಚ್.ಪಿ.ವಿ. ಪರೀಕ್ಷೆಯೇ ಉತ್ತಮ; ಒಮ್ಮೆ ಇಲ್ಲವೆಂದು ಬಂದರೆ ಐದರಿಂದ ಹತ್ತು ವರ್ಷ ನಿಶ್ಚಿಂತೆಯಾಗಿರಬಹುದು. ನಾಚಿಕೆಯುಳ್ಳವರು ಮೃದುವಾದ ಕುಂಚವನ್ನು ತಾವೇ ಒಳಗಿಟ್ಟು ತಿರುಗಿಸಿ ಮಾದರಿಯನ್ನು ತೆಗೆದುಕೊಡುವ ಸೌಕರ್ಯವೂ ಇದರಲ್ಲುಂಟು. ನಮ್ಮ ನೆರೆಯ ಮೈಸೂರಿನಲ್ಲಿರುವ ಪಬ್ಲಿಕ್ ಹೆಲ್ತ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾ ಎಂಬ ಸಂಸ್ಥೆಯು ಆ ಜಿಲ್ಲೆಯ ಹಳ್ಳಿಗಳ ಹೆಂಗಸರ ನಡುವೆ ಗರ್ಭಕೊರಳಿನ ತಪಾಸಣೆಯ ಕುರಿತು ವರ್ಷಗಳಿಂದ ಕೆಲಸ ಮಾಡುತ್ತಿದೆ.

ಯಾರಿಗೆ ಯಾವ ಪರೀಕ್ಷೆ? ಸರ್ಕಾರದ ನಿಯಮದಂತೆ ಮೂವತ್ತರಿಂದ ಅರವತ್ತೈದು ವಯಸ್ಸಿನ ಸ್ತ್ರೀಯರಿಗೆ ಐದು ವರ್ಷಕ್ಕೊಮ್ಮೆ ವಿ.ಐ.ಎ. ಲಭ್ಯವಿರಬೇಕು. ಆದರೆ ಮುಟ್ಟು ನಿಂತವರಲ್ಲಿ ಸಂಧಿಪ್ರದೇಶ ಒಳಕ್ಕೆ ಸರಿದಿರುತ್ತದೆಂದು ಹೇಳಿದೆನಷ್ಟೆ. ಅವರಿಗೆ ವಿನೆಗರಿನ ಪರೀಕ್ಷೆ ಅಷ್ಟು ನೆಚ್ಚಿಗೆಯದಲ್ಲ, ಕೊರಳಿನ ಕೋಶಗಳನ್ನು ಸವರಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪ್ಯಾಪ್ ಸ್ಮಿಯರ್ ಅಥವಾ ಎಚ್.ಪಿ.ವಿ. ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಬೇಕು. ಮುಟ್ಟಿನ ದಿನಗಳಲ್ಲಿ ಹೋಗಬಾರದು. ಹಿಂದಿನ ಎರಡು ದಿನ ಗಂಡನ ಸಂಗ, ಯೋನಿಯೊಳಗಿಡುವ ಮಾತ್ರೆ, ಒಳಗೆ ನೀರು ಹಾಯಿಸಿ ತೊಳೆಯುವುದು, ಇವು ಬೇಡ.

ಬಿಳಿಯ ತೇಪೆ ಕಂಡಿತೆಂದರೆ ಎದೆಯೊಡೆದುಕೊಳ್ಳಬೇಕಾಗಿಲ್ಲ. ಕಂಡವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರು ಇರುವುದಿಲ್ಲ. ಕಾಲ್ಪೊಸ್ಕೋಪ್ ಎಂಬ ದೊಡ್ಡದು ಮಾಡಿ ತೋರಿಸುವ ಯಂತ್ರದಿಂದ ನೋಡಿ, ಬೇಕಾದರೆ ಅಕ್ಕಿಕಾಳಿನಷ್ಟು ಚೂರನ್ನು ಬಯಾಪ್ಸಿಗೆ ತೆಗೆದು ನಿಶ್ಚಯಿಸುವರು. ಕ್ಯಾನ್ಸರಿನ ಪೂರ್ವಸ್ಥಿತಿ ಎಂದು ಖಚಿತವಾದರೆ, ಕಾದ ಸಲಾಕೆಯಿಂದ ಒಂದು ನಿಮಿಷಕ್ಕೂ ಕಡಮೆ ಅವಧಿಯಲ್ಲಿ ಸುಡುವುದು, ಅತಿಶೀತದಿಂದ ಹೆಪ್ಪುಗಟ್ಟಿಸುವುದು, ವಿದ್ಯುತ್ ತಂತಿಯ ಕುಣಿಕೆಯಿಂದ ಆ ಭಾಗವನ್ನಷ್ಟೇ ಕತ್ತರಿಸಿ ತೆಗೆಯುವುದು, ಈ ಮೂರರಲ್ಲೊಂದು ಸಾಮಾನ್ಯವಾಗಿ ಸಾಕಾಗುತ್ತದೆ. ಅಂದೇ ಮನೆಗೆ ಹಿಂದಿರುಗಬಹುದು, ಮುಂದೆ ಮಕ್ಕಳಾಗುವುದಕ್ಕೂ ಸಾಮಾನ್ಯವಾಗಿ ಅಡ್ಡಿಯಿಲ್ಲ. ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಬಿಳಿ ಮುಟ್ಟು, ಸೊಂಟನೋವು ಎಂದು ಹೋದ ಬಡ ಹೆಂಗಸರಿಗೆ ಕ್ಯಾನ್ಸರಿನ ಭಯ ಹುಟ್ಟಿಸಿ, ಬಯಾಪ್ಸಿಯೂ ಇಲ್ಲದೆ ಗರ್ಭಕೋಶವನ್ನೇ ತೆಗೆದುಹಾಕಿದ ಪ್ರಕರಣಗಳು ಕಲಬುರಗಿ, ಹಾವೇರಿ ಜಿಲ್ಲೆಗಳಲ್ಲಿ ದೊಡ್ಡ ವಿವಾದವಾಗಿದ್ದುವು. ಬಿಳಿ ಮುಟ್ಟೊಂದೇ ಪೂರ್ವಕ್ಯಾನ್ಸರಿನ ಲಕ್ಷಣವಲ್ಲ. “ಗರ್ಭಚೀಲ ತೆಗೆಸಿಬಿಡಿ” ಎಂದು ಯಾರೇ ಹೇಳಲಿ, ವರದಿಯ ಕಾಗದವನ್ನು ಕೈಗೆ ತೆಗೆದುಕೊಂಡು ಮತ್ತೊಬ್ಬ ವೈದ್ಯರನ್ನು ಕಾಣದೆ ಒಪ್ಪಬೇಡಿರಿ. ಇದಕ್ಕೆ ಪ್ರತಿಯಾಗಿ, ಸಂಗದ ನಂತರ ರಕ್ತ ಕಾಣುವುದು, ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ ಹೋಗುವುದು, ದುರ್ವಾಸನೆಯ ಸ್ರಾವ ನಿಲ್ಲದಿರುವುದು, ಇವುಗಳಲ್ಲಿ ಯಾವುದೊಂದಿದ್ದರೂ ತಪಾಸಣೆಯ ಶಿಬಿರಕ್ಕಾಗಿ ಕಾಯದೆ ಅದೇ ವಾರ ಸ್ತ್ರೀರೋಗತಜ್ಞರನ್ನು ಕಾಣಬೇಕು.

ಇನ್ನು ಎಚ್.ಪಿ.ವಿ. ಲಸಿಕೆಯ ವಿಷಯ. ಒಂಬತ್ತರಿಂದ ಹದಿನಾಲ್ಕರ ಹುಡುಗಿಯರಿಗೆ, ವೈರಾಣುವಿನ ಸಂಪರ್ಕ ಬರುವ ಮೊದಲು, ಹಾಕಿಸಿದರೆ ಇದರ ಫಲ ಪೂರ್ಣ. ಪುಣೆಯ ಸೀರಂ ಸಂಸ್ಥೆಯು ತಯಾರಿಸಿದ ಸರ್ವಾವ್ಯಾಕ್ ಎಂಬ ಸ್ವದೇಶಿ ಲಸಿಕೆಯು 6, 11, 16, 18 ಈ ನಾಲ್ಕು ಪ್ರಭೇದಗಳ ವಿರುದ್ಧ ರಕ್ಷಣೆ ಕೊಡುತ್ತದೆ. ಇದರ ಬಗೆಗೆ ಜನರಲ್ಲಿರುವ ಅಳುಕು ನಿರಾಧಾರವೆನ್ನಲಾಗದು: 2010ರಲ್ಲಿ ಅಂದಿನ ಆಂಧ್ರದ ಖಮ್ಮಂ ಹಾಗೂ ಗುಜರಾತಿನ ವಡೋದರಾದಲ್ಲಿ ನಡೆಯುತ್ತಿದ್ದ ಲಸಿಕಾ ಯೋಜನೆಯು ಕೆಲವು ಹುಡುಗಿಯರ ಮರಣದ ಸುದ್ದಿಯಿಂದ ನಿಂತುಹೋಯಿತು. ಆ ಮರಣಗಳಿಗೂ ಲಸಿಕೆಗೂ ಸಂಬಂಧವಿಲ್ಲವೆಂದು ವಿಚಾರಣೆಯಲ್ಲಿ ಕಂಡುಬಂದರೂ, ಪೋಷಕರ ಒಪ್ಪಿಗೆಯನ್ನು ಪಡೆದ ಕ್ರಮದಲ್ಲಿ ದೋಷಗಳಿದ್ದುದು ನಿಜ. ವಿಧಿಯ ವೈಚಿತ್ರ್ಯವೆಂದರೆ, ಅಂದಿನ ತಡೆಯ ಫಲವಾಗಿ ಬೇರೊಂದು ಅಧ್ಯಯನದ ಸಾವಿರಾರು ಹುಡುಗಿಯರಿಗೆ ಒಂದೇ ಡೋಸು ದೊರೆಯುವಂತಾಗಿ, ಅವರನ್ನು ಹತ್ತು ವರ್ಷ ಅನುಸರಿಸಿ ನೋಡಿದಾಗ, ಆ ಒಂದು ಡೋಸೇ 16 ಮತ್ತು 18ರ ಸ್ಥಿರಸೋಂಕಿನಿಂದ ನೂರಕ್ಕೆ ಸುಮಾರು 95ರಷ್ಟು ರಕ್ಷಣೆ ಕೊಟ್ಟಿರುವುದು ತಿಳಿದುಬಂದಿತು. ಈಗ ವಿಶ್ವ ಆರೋಗ್ಯ ಸಂಸ್ಥೆಯೇ ಎಳೆಯರಿಗೆ ಒಂದು ಅಥವಾ ಎರಡು ಡೋಸು ಸಾಕೆನ್ನುತ್ತದೆ. ಲಸಿಕೆಯು ಒಳಹೊಕ್ಕ ಸೋಂಕನ್ನು ತೊಡೆಯಲಾರದು, ಎಲ್ಲ ಪ್ರಭೇದಗಳನ್ನೂ ತಡೆಯಲಾರದು. ಹಾಕಿಸಿಕೊಂಡವಳಿಗೂ ಮೂವತ್ತಾದ ಮೇಲೆ ಪರೀಕ್ಷೆ ತಪ್ಪುವುದಿಲ್ಲ.

ಗುತ್ತಲಿನವರಿಗೆ ದೂರದ ಪ್ರಯಾಣವೇನೂ ಇಲ್ಲ. ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧಕ ಆಸ್ಪತ್ರೆ, ಜನರ ಬಾಯಲ್ಲಿ ಮಿಮ್ಸ್, ಊರೊಳಗೇ ಇದೆ. ಅಲ್ಲಿಯ ಸ್ತ್ರೀರೋಗ ವಿಭಾಗದ ಹೊರರೋಗಿ ಕೊಠಡಿಗೆ ಹೋಗಿ ಗರ್ಭಕೊರಳಿನ ತಪಾಸಣೆ ಎಂದರೆ ತಿಳಿಯುತ್ತದೆ. ಮದ್ದೂರು, ಮಳವಳ್ಳಿಯವರು ತಾಲ್ಲೂಕು ಆಸ್ಪತ್ರೆಯಲ್ಲಿಯೂ, ಹಳ್ಳಿಗಳವರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ಯಾವ ದಿನ ಈ ಪರೀಕ್ಷೆ ಮಾಡುವರೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ ಗೊತ್ತುಮಾಡಿಕೊಂಡು ಹೋಗುವುದು ಮೇಲು. ಬಸ್ಸಿಗೂ ಕೂಲಿಗೂ ಎರಡೆರಡು ದಿನ ಕಳೆಯುವುದು ತಪ್ಪುತ್ತದೆ. ಮಹಿಳಾ ವೈದ್ಯರೇ ಬೇಕೆಂದು ಕೇಳುವುದಕ್ಕೆ ಸಂಕೋಚಪಡಬೇಕಾದುದಿಲ್ಲ. ಮುಂದಿನ ಚಿಕಿತ್ಸೆ ಬೇಕಾದವರನ್ನು ಮೈಸೂರಿಗೋ ಕಿದ್ವಾಯಿಗೋ ಕಳುಹಿಸುವರು, ಬಿ.ಪಿ.ಎಲ್. ಪಡಿತರ ಚೀಟಿಯುಳ್ಳ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವುಂಟು, ಪಡಿತರ ಚೀಟಿಯನ್ನೂ ಆಧಾರನ್ನೂ ಜೊತೆಗೊಯ್ಯಬೇಕು.

ಪರೀಕ್ಷೆಯ ದಿನಾಂಕವನ್ನೂ ಫಲಿತಾಂಶವನ್ನೂ ಬರೆಸಿಕೊಂಡ ಚೀಟಿಯನ್ನು ತಾಯಿ ಕಾರ್ಡು ಇಟ್ಟ ಡಬ್ಬಿಯಲ್ಲಿಯೇ ಜೋಪಾನವಾಗಿಡಿ. ಐದು ವರ್ಷದ ಮೇಲೆ ಮತ್ತೆ ಹೋದಾಗ ವೈದ್ಯರು ಮೊದಲು ಕೇಳುವುದು ಅದನ್ನೇ.